ಅಂಚಿನಲ್ಲಿ ನಿಂತವಳು

ಮದುವೆಯಾದ ಹೊಸತರಲ್ಲಿ ಮನೆಯವರೆಲ್ಲ ಕೂಡಿ ತೆಗೆಸಿದ ಫೋಟೋ ಅವನ ತಾಯಿಯ ಭುಜಕ್ಕೇ ಮುಗಿದುಹೋಗಿತ್ತು. ಭುಜದ ಪಕ್ಕದಲ್ಲಿ ನಿಂತಿದ್ದ ಹೆಂಡತಿ ಅದರಲ್ಲಿರಲಿಲ್ಲ. ಅವಳ ತಲೆ ನರೆತರೂ ಆ ಸಿಟ್ಟು ಮಾತ್ರ ಹಸಿಹಸಿಯಾಗಿಯೇ ಇತ್ತು. ಹಾಲು ಉಕ್ಕಿದರೂ ಸರಿ, ಕೊಡೆ ಕಳೆದರೂ ಸರಿ, ಜಗಳ ಸುತ್ತಿಬಳಸಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು: "ಫೋಟೋದಿಂದಲೂ ನನ್ನ ಹೊರಗಿಟ್ಟ ಮನೆ ಅಲ್ವಾ ಇದು!"

ಅವನು ಗಡಿಯಾರ ರಿಪೇರಿಯವನು. ಆ ಫೋಟೋ ತೆಗೆದಿದ್ದ ಸ್ಟುಡಿಯೋ ಮುಚ್ಚುವಾಗ ಅದರ ಮಾಲೀಕ ಹಳೆಯ ನೆಗೆಟಿವ್‌ಗಳನ್ನು ಅವರವರಿಗೆ ಹಂಚಿದ. ಅಂಗೈಯಗಲದ್ದೊಂದು, ಜೊತೆಗೆ ಉಳಿದಿದ್ದ ಫೋಟೋ ಕಾಗದ, ದ್ರಾವಣ, ಇವನ ಕೈಗೂ ಬಂತು. ಬೆಳಕಿಗೆ ಹಿಡಿದರೆ ಎಲ್ಲರ ಮುಖ ಕಪ್ಪು, ಕೂದಲು ಬಿಳಿ. ಅಂಚಿನಲ್ಲಿ ಮಸುಕಾದ ಇನ್ನೊಂದು ಆಕಾರ. ಅದು ಹೆಂಡತಿಯಾದರೆ ತಾನು ಗೆದ್ದಂತೆ. ಬರೀ ಕಂಬವಾದರೆ ಈ ಜನ್ಮಕ್ಕೆ ಬಿಡುಗಡೆಯಿಲ್ಲ.

ಬಚ್ಚಲುಮನೆಯಲ್ಲಿ ಕೆಂಪು ಬಲ್ಬು ಹಾಕಿದ. ಗಡಿಯಾರದ ಚಿಮಟದಲ್ಲಿ ನೆಗೆಟಿವ್‌ನ ತುದಿ ಹಿಡಿದು, ಧೂಳು ಊದಿ, ಫೋಟೋ ಕಾಗದದ ಮೇಲಿಟ್ಟು, ಗಾಜು ಮುಚ್ಚಿ, ಬಿಳಿ ದೀಪ ಹಾಕಿ ಆರಿಸಿದ. ಕಾಗದವನ್ನು ದ್ರಾವಣದ ತಟ್ಟೆಯಲ್ಲಿ ಮುಳುಗಿಸಿ ಮೆಲ್ಲಗೆ ತೂಗತೊಡಗಿದ. ಹೆಂಡತಿ ಪಕ್ಕದಲ್ಲೇ ಕುತ್ತಿಗೆ ಚಾಚಿ ನಿಂತಿದ್ದಳು.

"ಏನೂ ಬರ್ತಿಲ್ಲ ರೀ. ನಂಗೊತ್ತಿತ್ತು."

"ಒಂದ್ನಿಮಿಷ ಸುಮ್ನಿರೇ!"

ಮೊದಲು ಕೂದಲು, ಕೋಟುಗಳು ಮೂಡಿದವು. ಆಮೇಲೆ ಮುಖಗಳು. ಅಂಚಿನಲ್ಲಿ, ನಖಶಿಖಾಂತ, ಅವಳು!

"ಇದ್ದೀಯಲ್ಲೇ!" ಅವನು ಕುಣಿಯುವುದೊಂದು ಬಾಕಿ.

ಹೆಂಡತಿ ಬಗ್ಗಿ ನೋಡಿದಳು. ಫೋಟೋದ ಹುಡುಗಿ ಸೊಂಟಕ್ಕೆ ಕೈಕೊಟ್ಟು, ಕೆನ್ನೆ ಉಬ್ಬಿಸಿ, ಪಕ್ಕದಲ್ಲಿ ಹಾಗೆಯೇ ನಿಂತಿದ್ದ ಅತ್ತೆಯನ್ನು ಅಣಕಿಸುತ್ತಿದ್ದಳು.

"ಅಯ್ಯಯ್ಯೋ, ಕ್ಯಾಮೆರಾದವನು ಇನ್ನೂ ರೆಡಿ ಆಗಿಲ್ಲ ಅಂದ್ಕೊಂಡಿದ್ದೆ! ಹರಿದು ಹಾಕ್ರೀ ಇದನ್ನ. ನಾನು ಇಲ್ದಿದ್ದ ಫೋಟೋನೇ ಚೆನ್ನಾಗಿತ್ತು!"

ಅಷ್ಟರಲ್ಲಿ ಬಾಗಿಲು ದಡದಡ. "ಗಂಡ ಹೆಂಡ್ತಿ ಇಬ್ರೂ ಬಚ್ಚಲಲ್ಲಿ ಸೇರ್ಕೊಂಡು ಏನ್ರೋ ಮಾಡ್ತಿದ್ದೀರ? ನನ್ನ ಸ್ನಾನ ಆಗ್ಬೇಕು!" ತಾಯಿಯ ಗಂಟಲಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಚಿತ್ರ ನಿಲ್ಲಲೆಂದು ಕಾಗದವನ್ನು ಎರಡನೆಯ ತಟ್ಟೆಯಲ್ಲಿ ಅದ್ದಿ, ತೊಳೆದು, ಅವನು ಬಾಗಿಲು ತೆಗೆದ. ಹೆಂಡತಿ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ನೀರು ತೊಟ್ಟಿಕ್ಕಿ ಗುಟ್ಟು ಬಯಲಾಯಿತು.

"ತಾ ಇಲ್ಲಿ," ಎಂದರು ತಾಯಿ. ನೋಡಿ, "ಓಹೋ, ಇದಾ! ಸ್ಟುಡಿಯೋದಲ್ಲೇ ನೋಡಿದ್ದೆ. ನಿಮ್ಮ ಮಾವ ಕಂಡಿದ್ರೆ ನಿನ್ನ ತವರಿಗೆ ಅಟ್ಟಿಬಿಡ್ತಿದ್ರು. ಅದಕ್ಕೇ ನಾನೇ ಕತ್ತರಿಸೋಕೆ ಹೇಳ್ದೆ."

ಹೆಂಡತಿ ಸೆರಗಿನ ತುದಿಯಿಂದ ಅತ್ತೆಯ ಕೈಮೇಲೆ ತೊಟ್ಟಿಕ್ಕುತ್ತಿದ್ದ ನೀರು ಒರೆಸಿದಳು. ಆ ಭಾಗ್ಯವನ್ನು ಅವನು ಕಂಡದ್ದು ಅದೇ ಮೊದಲು.

"ಸೊಂಟದ ಕೈ ಸರಿಯಾಗಿದೆ ಕಣೇ," ತಾಯಿ ಫೋಟೋವನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದರು. "ಕೆನ್ನೆ ಇನ್ನೊಂಚೂರು ಉಬ್ಬಿಸ್ಬೇಕಿತ್ತು. ನೋಡು, ಹೀಗೆ."