ಹಸಿರು ಸೀರೆಯ ಸುದ್ದಿ

"ಸೀರೆ ಆಮೇಲೆ ತೋರ್ಸುವಂತೆ. ಮೊದ್ಲು ಇದ್ನ ನಿಂಗ್ಯಾರು ಏಳಿದ್ದು, ಅದ್ನ ಬೊಗಳು," ಎಂದು ದೊಡ್ಡಮ್ಮ ಪುಟ್ಟಪ್ಪನ ಹೆಂಡತಿಯನ್ನು ಬೇಲಿಯ ಬಳಿಯೇ ತಡೆದಳು.

ಅಮಾವಾಸ್ಯೆಯೊಳಗೆ ಅಕ್ಕತಂಗಿಯರಿಗೆ ಹಸಿರು ಸೀರೆ ಕೊಡದ ಗಂಡಸಿಗೆ ಕೇಡು ತಪ್ಪಿದ್ದಲ್ಲ ಎಂದು ಮೊರಪ್ಪೂರಿನ ಸುತ್ತ ಸುದ್ದಿಯೋ ಸುದ್ದಿ. ಗೌರಿ ಹಬ್ಬಕ್ಕೂ ತಲೆ ಹಾಕದ ದೊಡ್ಡಮ್ಮನ ತಮ್ಮ ಸಣ್ಣಯ್ಯ ಕೂಡ ಹೊಗೆನಕಲ್ಲಿನಿಂದ, ಹರಿಗೋಲು ನಡೆಸುವ ಕೆಲಸ ಬಿಟ್ಟು, ಏದುಸಿರು ಬಿಡುತ್ತ ಬಂದು ಸೀರೆ ಕೊಟ್ಟು ಹೋಗಿದ್ದ. ಪ್ರೀತಿ ತರದವನನ್ನು ಭಯ ತಂದಿತ್ತು. ಜವಳಿ ಅಂಗಡಿಯವರ ಕೈವಾಡ ಎಂದೇ ದೊಡ್ಡಮ್ಮನ ಗುಮಾನಿ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೆ?

ಪುಟ್ಟಪ್ಪನ ಹೆಂಡತಿ, ರೈಲ್ವೆ ಸ್ಟೇಷನ್ನಿನಲ್ಲಿ ಹೂ ಮಾರುವ ಪೂಂಗೊಡಿಯ ಹೆಸರು ಹೇಳಿದಳು. ದೊಡ್ಡಮ್ಮ ಬಿಸಿಲಲ್ಲೇ ಅಲ್ಲಿಗೆ ನಡೆದಳು.

ಪೂಂಗೊಡಿ ನಕ್ಕುಬಿಟ್ಟಳು. "ಎನ್ನಕ್ಕಾ, ತೆರಿಯಾದಾ? ಉಂಗ ಮರುಮಗ ಸರಿತಾದಾನ್ ಸೊನ್ನಾ!"

ಹೇಳಿದವಳು ತನ್ನ ಸೊಸೆಯೇ! ದೊಡ್ಡಮ್ಮನಿಗೆ ಮೈಯೆಲ್ಲ ಉರಿಯಿತು.

ಮನೆಯಲ್ಲಿ ಏಳು ತಿಂಗಳ ಬಸುರಿ ಸರಿತಾ ಹುರುಳಿ ಆರಿಸುತ್ತ ಕೂತಿದ್ದಳು. "ಊರಿಗೆಲ್ಲ ದಿಗಿಲು ಉಟ್ಸಿ ನಿಂಗೇನೇ ಬಂತು?" ಎಂದು ದೊಡ್ಡಮ್ಮ ಕೇಳಿದಳು.

ಸರಿತಾ ತಲೆ ಎತ್ತಲಿಲ್ಲ. "ಅಣ್ಣ ಬರ್ಲಿ ಅಂತ, ಅತ್ತೆ. ಬೂತ್‌ನಿಂದ ಫೋನ್ ಮಾಡುದ್ರೆ ನನ್ ದನಿ ಕೇಳಿ ಇಟ್ಬುಡ್ತಾನೆ. ಊರೇ ಈ ಮಾತು ಏಳುದ್ರೆ ಎದ್ರಿಯಾದ್ರೂ ಬತ್ತಾನೆ ಅನ್ಕೊಂಡೆ. ಎಲ್ಲರ ಅಣ್ಣಂದ್ರೂ ಬಂದ್ರು."

ಅಪ್ಪನ ತಿಥಿಯಲ್ಲಿ ಮಾತಿಗೆ ಮಾತು ಬೆಳೆದ ಮೇಲೆ ಸೇಲಂನ ಅಶ್ವತ್ಥ್ ತಂಗಿಯ ಹೊಸಿಲು ತುಳಿದಿರಲಿಲ್ಲ. ತವರು ಅಂತ ಅವಳಿಗೆ ಉಳಿದವನು ಅವನೊಬ್ಬನೇ. ಬಸುರಿಯ ಕೈಗೆ ಸೀಮಂತದ ಮೊದಲ ಬಳೆ ತವರಿನಿಂದಲೇ ಬರಬೇಕು. ಬೈಯಲು ಬಂದ ದೊಡ್ಡಮ್ಮ ಆ ಬಳೆಯಿಲ್ಲದ ಸೊಸೆಯ ಕೈ ನೋಡಿ, ಪಕ್ಕದಲ್ಲಿ ಕೂತು ತಾನೂ ಹುರುಳಿ ಆರಿಸತೊಡಗಿದಳು.

ಮರುದಿನವೂ ಅವಳು ಪೂಂಗೊಡಿಯ ಎದುರು ನಿಂತಳು. ನಾಡಿದ್ದು ಅಮಾವಾಸ್ಯೆ.

"ಸೇಲಂ ಗಾಡಿಯೋರ್ಗೂ ಏಳಿದ್ಯೇನೇ?"

"ಸೊನ್ನೇನೇ! ಟೌನ್‌ಕಾರಂಗ ನಂಬಮಾಟ್ಟಾಂಗ ಅಕ್ಕಾ. ಸಿರಿಕ್ಕಿರಾಂಗ."

ಹೇಳಿದರೂ ಪಟ್ಟಣದವರು ನಂಬುವುದಿಲ್ಲ, ನಗುತ್ತಾರೆ. ದೊಡ್ಡಮ್ಮ ಸುತ್ತ ನೋಡಿದಳು. ಹುಟ್ಟಿದಾಗಿನಿಂದ ಇಂಥ ಸುಳ್ಳು ಹೇಳಿದವಳಲ್ಲ.

"ತೊಪ್ಪೂರು ಘಾಟಿಲಿ ನೆನ್ನೆ ಒಬ್ಬನ ಬೈಕು ಉರುಳೋಯ್ತಂತೆ," ಎಂದಳು. "ಸೇಲಂ ಆಫೀಸ್‌ನೋನು. ತಂಗೀಗೆ ಸೀರೆ ಕೊಟ್ಟಿರ್ಲಿಲ್ವಂತೆ."

"ಅಯ್ಯೋ ಕಡವುಳೇ!" ಪೂಂಗೊಡಿ ಎದೆ ಮುಟ್ಟಿಕೊಂಡಳು.

ಸೇಲಂಗೆ ಹೋಗುವ ಗಾಡಿ ಬಂದು ನಿಂತಿತು. ಪೂಂಗೊಡಿ ಬುಟ್ಟಿ ಎತ್ತಿಕೊಂಡು ಕಿಟಕಿಯಿಂದ ಕಿಟಕಿಗೆ ಓಡಿದಳು. ಹೂ ಕೊಳ್ಳಲು ಕೈ ಚಾಚಿದ ಹೆಂಗಸೊಬ್ಬಳು ಅವಳ ಮಾತು ಕೇಳುತ್ತ ಕಿಟಕಿಯ ಕಂಬಿಗೆ ಮುಖ ತಂದಳು; ಆಮೇಲೆ ಹೂ ಮರೆತು, ಪಕ್ಕದ ಸೀಟಿನವಳ ಕಡೆ ತಿರುಗಿದಳು.