ಲವಾನ್ ಹೆಸರಿಗೇ ಹಾಕಿ

ನಮ್ಮ ಪಶ್ಚಿಮ ಕ್ಯಾನ್ಸಸ್ ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಸುದ್ದಿ ಮೊದಲು ಗೊತ್ತಾಗುವುದು ಪೆಟ್ರೋಲ್ ಬಂಕಿನಲ್ಲಿ. ಗಲ್ಲಾದ ಪಕ್ಕ ಒಂದು ಖಾಲಿ ಉಪ್ಪಿನಕಾಯಿ ಜಾಡಿ, ಅದರ ಮೇಲೆ ಅಂಟಿಸಿದ ಫೋಟೋ, ಕೆಳಗೆ ಹೆಸರು. ಫೋಟೋದಲ್ಲಿರುವವರು ನಗುತ್ತಿರುತ್ತಾರೆ, ಕಾಯಿಲೆಗೆ ಮುಂಚೆ ತೆಗೆಸಿದ್ದಲ್ಲವೇ. ನಾನು ಮೂವತ್ತೊಂದು ವರ್ಷ ಗ್ಯಾಸ್ ಲಾರಿ ಓಡಿಸಿದವನು, ಇಂಥ ಜಾಡಿಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಆ ಫೆಬ್ರವರಿಯಲ್ಲಿ ಚಿಲ್ಲರೆ ಹಾಕಲು ಕೈ ಚಾಚಿದರೆ ಜಾಡಿಯ ಮೇಲೆ ಲವಾನ್ ಡ್ರೈಲಿಂಗ್ ನಗುತ್ತಿದ್ದಳು.

ಲವಾನ್ ನಮ್ಮ ಪಕ್ಕದ ಮನೆಯವಳು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದವಳು. ಗುರುವಾರ ಬಂತೆಂದರೆ ಕಾಳು-ಮಾಂಸದ ಚಿಲ್ಲಿ, ಜೊತೆಗೆ ಅಂಗೈಯಗಲದ ದಾಲ್ಚಿನ್ನಿ ರೋಲು. ಊರಿನಲ್ಲಿ ಈಗ ನಲವತ್ತು ದಾಟದವರೆಲ್ಲ ಅವಳ ಕೈಯ ರೋಲು ತಿಂದೇ ಬೆಳೆದವರು. ಐವತ್ತೆರಡಕ್ಕೆ ಅವಳ ಕಾಲು ಮಾತು ಕೇಳದಾಯಿತು. ನರಗಳ ಮೇಲಿನ ಹೊದಿಕೆಯನ್ನು ದೇಹವೇ ತಿಂದುಹಾಕುವ ರೋಗ ಎಂದರು ಡಾಕ್ಟರು. ಆರು ತಿಂಗಳಿಗೊಮ್ಮೆ ನೂರು ಮೈಲಿ ಆಚೆ ಹೋಗಿ ಔಷಧಿಯ ಡ್ರಿಪ್ ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡರೆ ರೋಗ ನಿಂತಲ್ಲೇ ನಿಂತಿರುತ್ತದೆ, ತಪ್ಪಿದರೆ ಮುಂದೆ ಹೆಜ್ಜೆ ಇಡುತ್ತದೆ, ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆಯುವುದಿಲ್ಲ. ಒಂದು ಡ್ರಿಪ್‌ನ ಬೆಲೆಗೆ ನಮ್ಮೂರಲ್ಲಿ ಒಂದು ಸಣ್ಣ ಮನೆ ಬರುತ್ತದೆ. ಆ ಬೆಲೆ ಕೊಡುತ್ತಿದ್ದದ್ದು ಬಡ ಅಂಗವಿಕಲರಿಗೆಂದು ಇರುವ ಸರ್ಕಾರಿ ವಿಮೆ.

ಜಾಡಿ ಇಟ್ಟಿದ್ದು ಔಷಧಿಗಲ್ಲ, ವ್ಯಾನಿಗೆ. ಗಾಲಿಕುರ್ಚಿ ಸಮೇತ ಹತ್ತಿಸುವ ಹಳೆಯ ವ್ಯಾನೊಂದು ಸಲೈನಾದಲ್ಲಿ ಮಾರಾಟಕ್ಕಿತ್ತು, ಇಪ್ಪತ್ತೊಂದು ಸಾವಿರ ಡಾಲರು ಹೇಳುತ್ತಿದ್ದರು. ಜಾಡಿಯಿಂದ ಅಷ್ಟು ಹುಟ್ಟುವುದಿಲ್ಲ. ಆದ್ದರಿಂದ ಮಾರ್ಚಿನಲ್ಲಿ ಸಹಾಯದ ಊಟ ಇಟ್ಟುಕೊಳ್ಳೋಣ ಎಂದಾಯಿತು. ಮಾಜಿ ಸೈನಿಕರ ಸಭಾಂಗಣದಲ್ಲಿ ಚಿಲ್ಲಿ, ರೋಲು, ಆಮೇಲೆ ಹಣ್ಣಿನ ಹೂರಣ ತುಂಬಿ ಬೇಯಿಸಿದ ಪೈಗಳ ಹರಾಜು.

ಊಟದ ಸಿದ್ಧತೆಗೆ ಸೇರಿದವರು ನಾಲ್ಕು ಜನ. ಗೇಲೆನ್ ಶ್ಮಿಟ್ ಮರದ ಡಿಪೋ ಯಜಮಾನ, ಜಿಲ್ಲೆಯ ರಿಪಬ್ಲಿಕನ್ನರ ಮುಖಂಡ. ಅವನ ಹೆಂಡತಿ ನಾರ್ಲೀನ್. ಟ್ವೈಲಾ ಬೆಕರ್ ನಿವೃತ್ತ ಮೇಡಮ್ಮು, ಜಿಲ್ಲೆಯ ಡೆಮಾಕ್ರಟರ ಮುಖಂಡಳು. ಅವಳ ಸಭೆಗೆ ಹನ್ನೊಂದು ಜನ ಬರುತ್ತಾರೆ, ಮಂಜು ಬಿದ್ದರೆ ಏಳು. ನಾಲ್ಕನೆಯವನು ನಾನು. ನಾನು ಯಾವ ಪಕ್ಷದವನೂ ಅಲ್ಲ. ನಮ್ಮ ವಾರಪತ್ರಿಕೆಯಲ್ಲಿ ಹದಿನಾಲ್ಕು ವರ್ಷಗಳಿಂದ ಅಂಕಣ ಬರೆಯುತ್ತಿದ್ದೇನೆ, ಇಬ್ಬರನ್ನೂ ಬೈಯುತ್ತೇನೆ. ಬಡವರ ವಿಮೆಯನ್ನು ಇನ್ನಷ್ಟು ಜನಕ್ಕೆ ಹಿಗ್ಗಿಸುವ ಮಸೂದೆ ವರ್ಷವರ್ಷವೂ ರಾಜಧಾನಿ ಟೊಪೀಕಾದ ಶಾಸನಸಭೆಗೆ ಹೋಗಿ ಸಾಯುತ್ತದೆ. ಗೇಲೆನ್ ಪಕ್ಷ ಅದನ್ನು ಕೊಲ್ಲುತ್ತದೆ, ಬದಲಿಗೆ ಏನು ಎಂದರೆ ಬಾಯಿ ಬಿಡುವುದಿಲ್ಲ. ಟ್ವೈಲಾ ಪಕ್ಷ ಸಾವಿರ ಪುಟದ ಕಾನೂನು ಬರೆಯುತ್ತದೆ, ಅರ್ಜಿ ಹಿಡಿದು ಕಿಟಕಿಯ ಮುಂದೆ ನಿಂತವಳ ಪಾಡು ಏನೆಂದು ನೋಡಲು ಹೋಗುವುದಿಲ್ಲ. ಹೀಗೆ ಬರೆದಾಗ ಎರಡೂ ಕಡೆಯಿಂದ ಬೈಗುಳದ ಪತ್ರಗಳು ಬರುತ್ತಿದ್ದವು. ನನಗೆ ಅದೊಂದು ಸಂತೋಷ, ಸುಳ್ಳೇಕೆ ಹೇಳಲಿ.

ಚಿಲ್ಲಿಗೆ ಕಾಳು ಹಾಕಬೇಕೋ ಬೇಡವೋ ಎಂಬುದರಲ್ಲೂ ಆ ಇಬ್ಬರಿಗೆ ಜಗಳ. ಅದು ಮುಗಿದ ಮೇಲೆ ನಿಜವಾದ ಜಗಳ ಬಂತು: ಬಂದ ದುಡ್ಡು ಯಾರ ಕೈಯಲ್ಲಿರಬೇಕು. ಗೇಲೆನ್ ತನ್ನ ಚರ್ಚಿನ ಖಾತೆಗೆ ಹಾಕೋಣ ಎಂದ. ನಮ್ಮಲ್ಲಿ ಮೊದಲಿನಿಂದಲೂ ನಡೆದು ಬಂದದ್ದು ಹಾಗೆಯೇ. ಟ್ವೈಲಾ ಒಪ್ಪಲಿಲ್ಲ. ಆ ಚರ್ಚಿನ ಹುಲ್ಲುಹಾಸಿನ ಮೇಲೆ ಕಳೆದ ಚುನಾವಣೆಯಲ್ಲಿ ಯಾರ ಫಲಕ ನಿಂತಿತ್ತು ಎಂದು ಕೇಳಿದಳು. ಅವಳ ಮಹಿಳಾ ಸಂಘದ ಖಾತೆಗೆ ಹಾಕೋಣವೆಂದರೆ ಗೇಲೆನ್ ನಕ್ಕ.

"ನಿಮ್ಮ ಖಾತೆಗಾ? ನಾಳೆ ಅದರಲ್ಲಿ ಟೊಪೀಕಾಕ್ಕೆ ಬಸ್ಸು ಮಾಡ್ಕೊಂಡು ಹೋಗಿ ಧಿಕ್ಕಾರ ಕೂಗ್ತೀರ."

"ನಿನ್ನ ಹಾಗೆ ಡಿಪೋಗೆ ಹೊಸ ಚಾವಣಿ ಹಾಕಿಸ್ಕೊಳಲ್ಲ ಬಿಡಪ್ಪ," ಎಂದಳು ಟ್ವೈಲಾ.

ನಾರ್ಲೀನ್ ಮೇಜಿನ ಕೊನೆಯಲ್ಲಿ ಕೂತು ರೋಲಿಗೆ ಎಷ್ಟು ಹಿಟ್ಟು ಬೇಕೆಂದು ಬರೆದುಕೊಳ್ಳುತ್ತಿದ್ದಳು. ಚರ್ಚಿನ ಗುಮಾಸ್ತೆಯನ್ನು ಒಂದು ಮಾತು ಕೇಳಿದರಾಗದೇ, ಇಷ್ಟು ದಿನ ಅವರಲ್ಲೇ ಇಡುತ್ತಿದ್ದದ್ದಕ್ಕೆ ಏನೋ ಕಾರಣವಿರಬೇಕು ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಡುವೆ ನಿಂತವನ ಮರ್ಯಾದೆ ಅದು. ನಾನು ಕುರ್ಚಿಯಲ್ಲಿ ಹಿಂದಕ್ಕೊರಗಿ, ಬಹಳ ಯೋಚಿಸಿದವನ ಹಾಗೆ ಹೇಳಿದೆ:

"ಅವನ ಖಾತೆನೂ ಬೇಡ, ಇವಳ ಖಾತೆನೂ ಬೇಡ. ಲವಾನ್ ಹೆಸರಿಗೇ ಹಾಕಿ. ದುಡ್ಡು ಅವಳದು ತಾನೆ?"

ಇದಕ್ಕಿಂತ ನ್ಯಾಯವಾದ ಮಾತು ಇನ್ನೇನಿದೆ. ಇಬ್ಬರೂ ಒಪ್ಪಿದರು. ಮಾರನೆಯ ದಿನ ನಾನೇ ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಖಾತೆ ತೆರೆಸಿದೆ.

ಹರಾಜಿನ ದಿನ ಆದದ್ದನ್ನು ಊರು ಇನ್ನೂ ಹೇಳಿಕೊಳ್ಳುತ್ತದೆ. ನಮ್ಮಲ್ಲಿ ಪೈ ಕೊಂಡವರು ಅದನ್ನು ಮನೆಗೆ ಒಯ್ಯಬೇಕೆಂದಿಲ್ಲ, ಮತ್ತೆ ಹರಾಜಿಗೆ ವಾಪಸು ಕೊಡಬಹುದು. ನಾರ್ಲೀನ್ ಮಾಡಿದ ಹುಳಿ ಚೆರಿ ಪೈಯನ್ನು ಗೇಲೆನ್ ಇನ್ನೂರಕ್ಕೆ ಕೂಗಿ ವಾಪಸು ಕೊಟ್ಟ. ಟ್ವೈಲಾ ಇನ್ನೂರೈವತ್ತಕ್ಕೆ ಕೂಗಿ ವಾಪಸು ಕೊಟ್ಟಳು. ಅಲ್ಲಿಂದ ಶುರುವಾಯಿತು. ಶಾಸನಸಭೆಗೆ ನಿಂತಿದ್ದ ಇಬ್ಬರು ಅಭ್ಯರ್ಥಿಗಳೂ ಬಂದಿದ್ದರು, ಅವರೂ ಇಳಿದರು. ಆಚೆ ಬೆಂಚಿನವರು ಕೂಗಿದರೆ ಈಚೆ ಬೆಂಚಿನವರು ಸುಮ್ಮನಿರುವ ಹಾಗಿಲ್ಲ. ಒಂದೇ ಪೈ ಒಂಬತ್ತು ಸಲ ಮಾರಾಟವಾಯಿತು, ಅದನ್ನು ಕೊನೆಗೂ ಯಾರೂ ತಿನ್ನಲಿಲ್ಲ. ಅಂಥ ಹಟದಲ್ಲಿ ಅಷ್ಟೊಂದು ಔದಾರ್ಯ ಹುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಲವಾನ್ ಗಾಲಿಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಒಟ್ಟು ಹದಿನಾಲ್ಕು ಸಾವಿರ ಚಿಲ್ಲರೆ ಆಯಿತು. ಉಳಿದದ್ದಕ್ಕೆ ಜೂನಿನಲ್ಲಿ ಇನ್ನೊಂದು ಊಟ ಎಂದುಕೊಂಡೆವು. ಆ ವಾರದ ಅಂಕಣದಲ್ಲಿ, ಟೊಪೀಕಾದಲ್ಲಿ ಆಗದ್ದು ನಮ್ಮೂರ ಸಭಾಂಗಣದಲ್ಲಿ ಆಯಿತು ಎಂದು ಎದೆಯುಬ್ಬಿಸಿ ಬರೆದೆ.

ಏಪ್ರಿಲ್ ಕೊನೆಗೆ ಲವಾನ್ ಫೋನ್ ಮಾಡಿ ಒಂದು ಕಾಗದ ಬಂದಿದೆ, ಓದಿ ಹೇಳು ಎಂದಳು. ವರ್ಷಕ್ಕೊಮ್ಮೆ ವಿಮೆಯವರು ಎಲ್ಲರ ಬ್ಯಾಂಕ್ ಖಾತೆ ನೋಡುತ್ತಾರೆ. ಈ ವಿಮೆ ಇರುವವರ ಬಳಿ ಎರಡು ಸಾವಿರ ಡಾಲರಿಗಿಂತ ಹೆಚ್ಚು ಇರುವ ಹಾಗಿಲ್ಲ. ಅವಳ ಹೆಸರಿನಲ್ಲಿ ಹದಿನಾಲ್ಕು ಸಾವಿರ ಇತ್ತು. ಮೇ ಒಂದರಿಂದ ವಿಮೆ ರದ್ದು. ಜೂನ್ ಆರಕ್ಕೆ ಅವಳ ಡ್ರಿಪ್.

ಜಿಲ್ಲಾ ಕಚೇರಿಯ ಕಿಟಕಿಯಲ್ಲಿದ್ದ ಹೆಂಗಸು ಒಳ್ಳೆಯವಳು. ದುಡ್ಡು ಚರ್ಚಿನ ಖಾತೆಯಲ್ಲಿ ಇದ್ದು ಅವರೇ ವ್ಯಾನು ಕೊಡಿಸಿದ್ದರೆ ಏನೂ ಆಗುತ್ತಿರಲಿಲ್ಲ ಎಂದಳು. ಹಾಗಾದರೆ ಈಗ ವಾಪಸು ಕೊಟ್ಟುಬಿಡುತ್ತೇವೆ ಎಂದೆ. ಅದು ಆಸ್ತಿ ಮುಚ್ಚಿಟ್ಟ ಹಾಗೆ, ಅದಕ್ಕೆ ಬೇರೆ ಶಿಕ್ಷೆ ಎಂದಳು. ವ್ಯಾನು ಬರುವ ತನಕ ಕಾಯಿರಿ ಎಂದರೆ ಅಂಥ ಕಲಮೇ ಇಲ್ಲ. ವ್ಯಾನಿಗೋ ಇನ್ನೂ ಏಳು ಸಾವಿರ ಕಮ್ಮಿ. ಖರ್ಚು ಮಾಡಿ ರಸೀದಿ ತರಬೇಕು, ಮತ್ತೆ ಹೊಸದಾಗಿ ಅರ್ಜಿ ಹಾಕಬೇಕು.

"ಯಾವುದಕ್ಕೆ ಖರ್ಚು ಮಾಡಬಹುದು?" ಎಂದಳು ಲವಾನ್.

"ಮನೆ ರಿಪೇರಿ ಮಾಡಿಸಬಹುದು, ಮೇಡಂ," ಎಂದು ಆಕೆ ತಲೆ ತಗ್ಗಿಸಿಯೇ ಹೇಳಿದಳು. "ಇನ್ನೊಂದು... ನಿಮ್ಮ ಅಂತ್ಯಕ್ರಿಯೆಗೆ ಮುಂಗಡ ಕಟ್ಟಿಬಿಡಬಹುದು. ಪೆಟ್ಟಿಗೆ, ಕಲ್ಲು, ಜಾಗ. ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. ಬಹಳ ಜನ ಹಾಗೇ ಮಾಡ್ತಾರೆ."

ಆ ಎರಡು ಸಾವಿರದ ಗೆರೆಯನ್ನು ಯಾರು ಎಳೆದರು ಎಂದು ಆ ರಾತ್ರಿ ಹುಡುಕಿದೆ. ಮೂವತ್ತೈದು ವರ್ಷ ದಾಟಿದ ಗೆರೆ. ಅಷ್ಟರಲ್ಲಿ ವಾಷಿಂಗ್ಟನ್ನಿನಲ್ಲಿ ಎರಡೂ ಪಕ್ಷಗಳು ಎಷ್ಟೋ ಸಲ ಗದ್ದುಗೆ ಹತ್ತಿ ಇಳಿದಿವೆ. ಆರೋಗ್ಯ ಸುಧಾರಣೆ ಎಂದು ಗಂಟಲು ಹರಿದುಕೊಂಡಿವೆ, ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೆಡವಲು ಅರವತ್ತು ಎಪ್ಪತ್ತು ಸಲ ಮತ ಹಾಕಿದ್ದಾರೆ. ಈ ಗೆರೆಯನ್ನು ಒಂದಿಂಚು ಸರಿಸಿದವರಿಲ್ಲ. ಅದರಲ್ಲಿ ಇಬ್ಬರಿಗೂ ಎಂಥ ಒಗ್ಗಟ್ಟು.

ಲವಾನ್ ಮನೆಯ ಚಾವಣಿಗೆ ಹೊಸ ಹಲಗೆ ಬಂತು. ಗೇಲೆನ್ ಡಿಪೋದಿಂದ ಲಾಭವಿಲ್ಲದೆ ಕೊಟ್ಟ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಉಳಿದ ದುಡ್ಡಿನಲ್ಲಿ ಅವಳು ಪೆಟ್ಟಿಗೆ, ಕಲ್ಲು, ಜಾಗ ಕೊಂಡಳು. ಊರಿನ ಜನ ಚೆರಿ ಪೈಗೆ ಹಟ ಹಿಡಿದು ಕೂಗಿದ ದುಡ್ಡಿನಲ್ಲಿ, ಬದುಕಿರುವ ಹೆಂಗಸೊಬ್ಬಳ ಗೋರಿ ತಯಾರಾಯಿತು. ಎರಡನೇ ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಆಗಸ್ಟ್ ಆಯಿತು. ಡ್ರಿಪ್ ಹನ್ನೊಂದು ವಾರ ತಡವಾಯಿತು. ಜುಲೈ ಮಧ್ಯದಲ್ಲಿ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿಯಲು ಹೋದ ಅವಳ ಬಲಗೈ ಮುಚ್ಚಿಕೊಳ್ಳಲಿಲ್ಲ. ಆಗಸ್ಟಿನ ಔಷಧಿ ಮಿಕ್ಕದ್ದನ್ನು ತಡೆಯಿತು, ಕೈ ಮಾತ್ರ ಬರಲಿಲ್ಲ.

ಆಮೇಲೆ ಎರಡೂ ಕಡೆಯವರು ಅವಳ ಮನೆಗೆ ಬಂದರು. ಟ್ವೈಲಾ ಪಕ್ಷದ ಅಭ್ಯರ್ಥಿಗೆ ಅವಳು ವೇದಿಕೆಯ ಮೇಲೆ ಬೇಕಿತ್ತು, ಮಸೂದೆ ಕೊಂದವರ ಪಾಪ ಇದು ಎನ್ನಲು. ಗೇಲೆನ್ ಪಕ್ಷದ ಅಭ್ಯರ್ಥಿಗೂ ಬೇಕಿತ್ತು, ಸರ್ಕಾರದ ಕೈಗೆ ಔಷಧಿ ಕೊಟ್ಟರೆ ಹೀಗೇ ಎನ್ನಲು. ಅವಳು ಇಬ್ಬರಿಗೂ ಕಾಫಿ ಕೊಟ್ಟು ಆಗುವುದಿಲ್ಲ ಎಂದು ಕಳಿಸಿದಳು.

ಇಬ್ಬರ ಮೇಲೂ ನನಗೆ ಮೈಯೆಲ್ಲ ಉರಿ. ಕೂತು ಅಂಕಣ ಬರೆದೆ. ಇಬ್ಬರನ್ನೂ ಹೆಸರು ಹಿಡಿದು ಬೈದಿದ್ದೆ, ಅಷ್ಟು ಚೆನ್ನಾಗಿ ನಾನು ಎಂದೂ ಬರೆದಿರಲಿಲ್ಲ. ಅಚ್ಚಿಗೆ ಕಳಿಸುವ ಮುಂಚೆ ಅವಳಿಗೆ ಓದಿ ಹೇಳಿದೆ. ಅವಳು ಎಡಗೈಯಲ್ಲಿ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು.

"ಚೆನ್ನಾಗಿದೆ ವರ್ಲಿನ್," ಎಂದಳು. "ನಾನು ಬೇಡ ಅಂದಿದ್ದಕ್ಕೆ ಅವರಿಬ್ಬರೂ ಎದ್ದು ಹೋದ್ರು. ನೀನು ನನ್ನ ಕೇಳ್ದೆನೇ ಬರ್ಕೊಂಡು ಬಂದಿದೀಯ."

"ನಾನು ಅವರ ಹಾಗಲ್ಲ ಲವಾನ್. ಅವರನ್ನ ಬೈದು ತಾನೆ ಬರೆದಿರೋದು?"

"ಅದರಲ್ಲಿ ಎಲ್ಲರ ಹೆಸರೂ ಇದೆ. ಖಾತೆ ನನ್ನ ಹೆಸರಿಗೆ ಹಾಕಿ ಅಂದೋನ ಹೆಸರು ಇಲ್ಲ."

ಅಂಕಣವನ್ನು ಕಳಿಸಲಿಲ್ಲ. ಕಳಿಸದಿದ್ದದ್ದು ದೊಡ್ಡತನವೇನಲ್ಲ, ತಿದ್ದಿ ನನ್ನ ಹೆಸರು ಸೇರಿಸಲು ಕೂತೆ, ಮೂರು ದಿನ ಕೂತೆ, ಆಗಲಿಲ್ಲ.

ನವೆಂಬರಿನ ಮೊದಲ ಮಂಗಳವಾರ ಅವಳನ್ನು ಮತ ಹಾಕಿಸಲು ಕರೆದುಕೊಂಡು ಹೋದೆ. ನನ್ನ ಪಿಕಪ್‌ಗೆ ಅವಳನ್ನು ಎತ್ತಿ ಕೂರಿಸಬೇಕು, ಕುರ್ಚಿಯನ್ನು ಮಡಚಿ ಹಿಂದೆ ಹಾಕಬೇಕು. ಮತಗಟ್ಟೆ ಚರ್ಚಿನ ನೆಲಮಾಳಿಗೆಯಲ್ಲಿ. ಮೇಜಿನ ಹಿಂದೆ ಪಟ್ಟಿ ಹಿಡಿದು ಕೂತವರು ನಾರ್ಲೀನ್ ಮತ್ತು ಟ್ವೈಲಾ. ನಮ್ಮಲ್ಲಿ ಮತಗಟ್ಟೆಗೆ ಎರಡೂ ಪಕ್ಷದಿಂದ ಒಬ್ಬೊಬ್ಬರು. ಲವಾನ್‌ಗೆ ಪೆನ್ನು ಹಿಡಿಯಲು ಬರುವುದಿಲ್ಲ. ಕೈಲಾಗದವರು ತಮಗೆ ಬೇಕಾದವರನ್ನು ಜೊತೆಗೆ ಕರೆದುಕೊಂಡು ಹೋಗಿ ಗುರುತು ಹಾಕಿಸಬಹುದು.

ನಾನು ಟೋಪಿ ತೆಗೆದು ಆಗಲೇ ಪೆನ್ನು ಕೈಗೆತ್ತಿಕೊಂಡಿದ್ದೆ. ಅವಳನ್ನು ಕರೆತಂದವನು ನಾನು, ಪಕ್ಕದ ಮನೆಯವನು ನಾನು, ಯಾವ ಪಕ್ಷಕ್ಕೂ ಸೇರದವನು ನಾನು. ಬೇರೆ ಯಾರಾದರೂ ಆಗಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

"ಯಾರು ಬರಬೇಕು ಲವಾನ್?" ಎಂದು ಟ್ವೈಲಾ ಫಾರಂ ಮುಂದಿಟ್ಟಳು.

"ನಾರ್ಲೀನ್ ಬರಲಿ," ಎಂದಳು ಲವಾನ್.

ಟ್ವೈಲಾಳ ಮುಖ ಬಿಗಿಯಾಯಿತು. ನನ್ನ ಮುಖ ಏನಾಯಿತೋ ಗೊತ್ತಿಲ್ಲ. ಲವಾನ್ ನನ್ನ ಕಡೆ ತಿರುಗಿ, ಉಪ್ಪು ಕಡಿಮೆಯಾಗಿದೆ ಎನ್ನುವಷ್ಟೇ ಸಹಜವಾಗಿ ಹೇಳಿದಳು: "ಅವಳು ಯಾವ ಕಡೆ ಅಂತ ನಂಗೊತ್ತು ವರ್ಲಿನ್. ಅವಳಿಗೂ ಗೊತ್ತು. ನಾನು ಹೇಳಿದ್ದು ಇಷ್ಟ ಇಲ್ದಿದ್ರೂ ಹಾಕ್ತಾಳೆ. ಚರ್ಚ್‌ನೋರನ್ನ ಕೇಳಿ ಅಂತ ಅವತ್ತು ಹೇಳಿದ್ದೂ ಅವಳೇ ಅಂತಲ್ಲ."

ನಾರ್ಲೀನ್ ಎದ್ದು ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಕುರ್ಚಿ ತಳ್ಳಿಕೊಂಡು ಪರದೆಯ ಹಿಂದೆ ಹೋದರು. ಬಹಳ ಹೊತ್ತು ಪಿಸುಮಾತು ಕೇಳಿಸಿತು. ಒಂದು ಸಲ ಲವಾನ್ ನಕ್ಕಳು. ಅವಳು ಯಾರಿಗೆ ಹಾಕಿದಳೋ ನನಗೆ ಇವತ್ತಿಗೂ ತಿಳಿಯದು. ನಮ್ಮ ಕ್ಷೇತ್ರದಲ್ಲಿ ಎಂದಿನವರೇ ಗೆದ್ದರು, ಎಂದಿನಷ್ಟೇ ಅಂತರದಲ್ಲಿ. ಮಸೂದೆ ಮುಂದಿನ ವಸಂತದಲ್ಲೂ ಸತ್ತಿತು.

ಹೊರಗೆ ಗಾಳಿ ಬೀಸುತ್ತಿತ್ತು. ಅವಳನ್ನು ಎತ್ತಿ ಕೂರಿಸಿ, ಸೀಟಿನ ಬೆಲ್ಟು ಅವಳ ಮೈ ಮೇಲಿಂದ ಎಳೆದು ನಾನೇ ಸಿಕ್ಕಿಸಿದೆ. ಅವಳು ಮುಖ ತಿರುಗಿಸಿಕೊಳ್ಳಲಿಲ್ಲ, ಥ್ಯಾಂಕ್ಸ್ ಎಂದಳು. ಮನೆ ಬರುವವರೆಗೂ ಗೋಧಿ ಬಿತ್ತನೆಯ ಬಗ್ಗೆ ಮಾತಾಡಿದೆವು.