ಕೆರೆ ಕಡೆ ತಿರುಗಿದ ಕೆಂಚಿ

ಹೊರಡುವಾಗ ಕೆಂಚಿ ಕುದುರೆ ಚೆನ್ನಾಗಿಯೇ ನಡೆಯುತ್ತಿತ್ತು. ತೊಂದರೆಯೆಲ್ಲ ವಾಪಸು ಬರುವಾಗ. ಜಕ್ಕೂರು ಕೆರೆ ಏರಿ ಇಳಿದು ಲಾಯದ ಕಡೆ ಮುಖ ಮಾಡಿತೋ, ಹುರುಳಿ ವಾಸನೆ ಅಷ್ಟು ದೂರಕ್ಕೇ ಬಡಿದಂತೆ ಕತ್ತೆತ್ತಿ, ಲಗಾಮು ಎಳೆದುಕೊಂಡು ಓಟ ಕೀಳುತ್ತಿತ್ತು. ಹಾಗೆ ಓಡಿ ಒಂದು ಸಲ, ಅಪಾರ್ಟ್‌ಮೆಂಟಿನಿಂದ ಸವಾರಿ ಕಲಿಯಲು ಬರುತ್ತಿದ್ದ ಹುಡುಗಿಯನ್ನು ಚರಂಡಿ ಪಕ್ಕ ಬೀಳಿಸಿತು. ಲಾಯ ಸುಬ್ರಮಣಿಯದು. ಅವತ್ತೇ ಹೇಳಿದ.

"ಮುನಿರಾಮಣ್ಣ, ಯುಗಾದಿ ತನಕ ನೋಡ್ತೀನಿ. ಆಮೇಲೂ ಇಂಗೇ ಆದ್ರೆ ಮದುವೆ ಬ್ಯಾಂಡಿನೋರಿಗೆ ಕೊಟ್ಬಿಡ್ತೀನಿ. ಬೇಜಾರ್ ಮಾಡ್ಕೋಬೇಡಿ."

ಮುನಿರಾಮಣ್ಣ ಅಂದರೆ ನಮ್ಮನೆಯವರು. ಆ ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವರು ಅವರೇ. ನಾವಿದ್ದದ್ದೂ ಅದರ ಗೇಟಿನ ಪಕ್ಕದ ರೂಮಿನಲ್ಲಿ. ಕೆಂಚಿ ಹುಟ್ಟಿದ ವಾರಕ್ಕೇ ಅದರ ತಾಯಿ ಸತ್ತಿತ್ತು. ನಮ್ಮ ಒಲೆ ಮುಂದೆ ಮಲಗಿಸಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿದ್ದರು. ಬ್ಯಾಂಡಿನವರ ಕೈಗೆ ಹೋದರೆ ಕಿವಿ ಪಕ್ಕ ತಮಟೆ, ಕಾಲ ಸಂದಿಯಲ್ಲಿ ಪಟಾಕಿ. ಹಾಗೆ ಹೋದ ಕುದುರೆ ಯಾವುದನ್ನೂ ನಾವು ಮತ್ತೆ ನೋಡಿದ್ದಿಲ್ಲ.

ಮಾರನೇ ದಿನದಿಂದ ದಿನಾ ಸಾಯಂಕಾಲ ತಾವೇ ಹತ್ತಿ ಹೊರಟರು. ಹೊಡೆಯಲಿಲ್ಲ, ಬೈಯಲಿಲ್ಲ. ಮನೆ ಕಡೆ ನಡೆದು ಬಂದರೆ ಸರಿ. ಹೆಜ್ಜೆ ಜೋರಾಯಿತೋ, ಮುಖ ತಿರುಗಿಸಿ ಮತ್ತೆ ಕೆರೆ ಕಡೆಗೆ. ಸಮಾಧಾನವಾದ ಮೇಲೆ ಮತ್ತೆ ಮನೆ ಕಡೆಗೆ. ಮತ್ತೆ ಓಡಿತೋ, ಮತ್ತೆ ಕೆರೆ.

"ಓಡಿದ್ರೆ ಮನೆ ದೂರ ಆಗ್ತದೆ ಅಂತ ಅದುಕ್ಕೇ ಗೊತ್ತಾಗ್ಬೇಕು ಕಣೇ," ಅನ್ನುತ್ತಿದ್ದರು.

ಕೆರೆಗೂ ಲಾಯಕ್ಕೂ ನಡುವಿನ ತಿರುವಿನಲ್ಲಿ ಸಂಗಪ್ಪನ ಟೀ ಅಂಗಡಿ. ಗದಗದ ಕಡೆಯವನು, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏನ್ರೀ ಮುನಿರಾಮಪ್ಪಾರ, ಮನ್ಯಾಗ ಜಗಳಾಡಿ ಬಂದೀರೇನು? ಮನಿ ಕಡೆ ಹೊಂಟಾವ್ರು ಮತ್ತ ಕೆರಿ ಕಡೆ ಹೊಂಟೀರಲ್ಲ!"

"ಜಗಳ ಕುದುರೆದು ಕಣಪ್ಪ, ನಂದಲ್ಲ."

"ಹಂಗಾರ ಚಾ ಅದಕ್ಕ ಕೊಡ್ಲ್ಯಾ?"

ಒಂದೂ ಓಟ ಕೀಳದೆ ಗೇಟಿನ ತನಕ ಬಂದ ದಿನ ಮಾತ್ರ ಲಗಾಮು ಸಡಿಲ ಬಿಟ್ಟು, ಅದರ ಕತ್ತಿನ ಮೇಲೆ ಬೋರಲು ಬಿದ್ದು, ಜೂಲಿನ ಬುಡ ಕೆರೆಯುತ್ತಿದ್ದರು. ಅದೇ ಶಭಾಷ್‌ಗಿರಿ. ಆ ಹೊತ್ತಲ್ಲಿ ಯಾರೂ ಕೂಗಬಾರದು, ಎದುರಿಗೆ ಓಡಿ ಬರಬಾರದು. ನನಗೂ ಅದೇ ಅಪ್ಪಣೆ.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ಶುರುವಾಯಿತು. ಹೆಜ್ಜೆ ಜೋರಾದರೆ, ಇವರು ಲಗಾಮು ಮುಟ್ಟುವ ಮೊದಲೇ ಕೆಂಚಿ ತಾನೇ ಕೆರೆ ಕಡೆ ತಿರುಗಿಬಿಡುತ್ತಿತ್ತು. ಇವರಿಗೆ ನಗು. "ತಪ್ಪು ಮಾಡಿ ತಾನೇ ಓಗಿ ಮೂಲೇಲಿ ನಿಂತ್ಕೊಳೋ ಮಗು ಇದ್ದಂಗೆ!"

ಶಿವರಾತ್ರಿ ಆದ ಮೇಲೆ ಒಂದು ಸಾಯಂಕಾಲ ಗೇಟಿನ ಮುಂದೆ ಕಸ ಗುಡಿಸುತ್ತಿದ್ದೆ. ದೂರದಲ್ಲಿ ಕೆಂಚಿ ಬರುತ್ತಿತ್ತು. ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ. ಲಗಾಮು ಸಡಿಲ. ಇವರು ಕತ್ತಿನ ಮೇಲೆ ಮಲಗಿದ್ದರು. ಕಲಿತೇಬಿಟ್ಟಿತು, ಬ್ಯಾಂಡಿನ ಕಾಟ ತಪ್ಪಿತು ಅಂತ ಹಿಗ್ಗಿ, ಪೊರಕೆ ಹಿಡಿದುಕೊಂಡೇ ಅಲ್ಲಾಡದೆ ನಿಂತೆ.

ಹತ್ತಿರ ಬಂದಾಗ ಕಂಡಿತು. ಎಡಗೈ ಜೂಲನ್ನು ಹಿಡಿದಿತ್ತು, ಕೆರೆಯುತ್ತಿರಲಿಲ್ಲ. ಬಲಗೈ ಜೋತು ಬಿದ್ದಿತ್ತು. ಬಲಗಾಲಿನ ಚಪ್ಪಲಿ ಇರಲಿಲ್ಲ.

"ಅಯ್ಯೋ! ಓಡೇ ಕೆಂಚಿ, ಓಡಿ ಬಾರೇ!" ಅಂತ ಕಿರುಚಿಕೊಂಡು ಓಡಿದೆ.

ನನ್ನ ದನಿಗೆ ಅದು ಬಿರಬಿರನೆ ಮುಂದೆ ಬಂತು. ಬಂದದ್ದು ಥಟ್ಟನೆ ನಿಂತಿತು. ಕಲಿಸಿದ್ದನ್ನು ಮರೆಯದೆ ಮುಖ ತಿರುಗಿಸಿ, ಇವರನ್ನು ಹೊತ್ತುಕೊಂಡು ಕೆರೆ ಕಡೆಗೆ ನಡೆಯಿತು. ನಾನು ಓಡಿದಷ್ಟೂ ಅದು ಮುಂದೆ ಮುಂದೆ, ಅದೇ ಸಮಾಧಾನದ ಹೆಜ್ಜೆ. ಕೊನೆಗೆ ಸಂಗಪ್ಪ ಅಂಗಡಿಯಿಂದ ಹಾರಿ ಬಂದು ಹಿಡಿದ.

ಹೆಬ್ಬಾಳದ ತನಕ ರಸ್ತೆ ಅಗೆದಿದ್ದರು. ಆಟೋ ತೆವಳಿತು. ಆಸ್ಪತ್ರೆಯಲ್ಲಿ ಡಾಕ್ಟರು ಲಕ್ವ ಅಂದರು, ಇದು ಯಾವಾಗ ಶುರುವಾಯಿತು ಅಂತ ಕೇಳಿದರು. ಕೆರೆ ಹತ್ತಿರವೋ, ಏರಿ ಮೇಲೋ, ಯಾರಿಗೆ ಗೊತ್ತು? ಜೀವ ಉಳಿಯಿತು. ಬಲಗಡೆ ಉಳಿಯಲಿಲ್ಲ, ಮಾತು ಉಳಿಯಲಿಲ್ಲ.

ಸುಬ್ರಮಣಿ ಬಂದು ಕಣ್ಣೊರೆಸಿಕೊಂಡ. "ಬೇರೆ ಕುದುರೆ ಆಗಿದ್ರೆ ಕೆಡವಿ ಓಡೋಗಿರೋದು ಲಕ್ಷ್ಮಿದೇವಮ್ಮ. ಇಷ್ಟು ಸಾಧು ಆಗಿರೋ ತನಕ ಇದನ್ನ ಯಾಕೆ ಕೊಡ್ಲಿ? ನಮ್ ವನಿತಾನೇ ಓಡಿಸ್ಲಿ."

ವನಿತಾ ಅವನ ಮಗಳು, ಕಾಲೇಜಿನ ಹುಡುಗಿ. ಇವರನ್ನು ನಾನು ಸಾಯಂಕಾಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೇಟಿನ ಹತ್ತಿರ ಕೂರಿಸುತ್ತಿದ್ದೆ. ಕೆಂಚಿ ಬರುವುದನ್ನು ನೋಡುವುದೊಂದೇ ಅವರಿಗೆ ಉಳಿದಿದ್ದ ಕೆಲಸ. ಅವತ್ತಿಂದ ನಾನು ಮಾತ್ರ ಆ ಕುದುರೆ ಹತ್ತಿರ ಸುಳಿದಿರಲಿಲ್ಲ.

ವನಿತಾ ಅದನ್ನು ತಿರುಗಲು ಬಿಡುತ್ತಿರಲಿಲ್ಲ. ಕೆಂಚಿ ಕೆರೆ ಕಡೆ ಮುಖ ಮಾಡಿದರೆ ಲಗಾಮು ಎಳೆದು, ಹಿಮ್ಮಡಿಯಲ್ಲಿ ಒತ್ತಿ, ಮನೆ ಕಡೆ ಓಡಿಸುತ್ತಿದ್ದಳು. ಯುಗಾದಿ ಹತ್ತಿರವಾಗುವಷ್ಟರಲ್ಲಿ ಅದು ಮತ್ತೆ ಕತ್ತೆತ್ತುವುದನ್ನು ಕಲಿತಿತ್ತು. ಒಂದು ದಿನ ಗೇಟಿನ ತನಕ ಧೂಳೆಬ್ಬಿಸಿ ಬಂತು. ವನಿತಾ ನಗುತ್ತಿದ್ದಳು, ಒಂದು ಪಾದ ಜೀನಿಗೆ ತೂಗುವ ರಿಕಾಪಿನಿಂದ ಜಾರಿತ್ತು.

ಇವರ ಗಂಟಲಿಂದ ಏನೋ ಸದ್ದು ಬಂತು. ಎಡಗೈ ಎತ್ತಿ ಗಾಳಿಯಲ್ಲಿ ಮಣಿಕಟ್ಟು ತಿರುಗಿಸಿದರು. ಮತ್ತೆ ತಿರುಗಿಸಿದರು.

"ತಾತಂಗೆ ನೀರು ಬೇಕೇನೋ ಅಜ್ಜಿ," ಅಂದಳು ವನಿತಾ.

ನೀರಲ್ಲ. ನಾನು ರಸ್ತೆಗಿಳಿದೆ, ಓಡದೆ. ಕೆಂಚಿ ಮೂತಿ ಚಾಚಿ ನನ್ನ ಸೆರಗು ಮೂಸಿತು. ಲಗಾಮು ಹಿಡಿದೆ, ಅದರ ಮುಖ ಕೆರೆ ಕಡೆ ತಿರುಗಿಸಿದೆ.

"ಏನ್ ಮಾಡ್ತಿದೀರ ಅಜ್ಜಿ? ಮನೆ ಬಂತಲ್ಲ!"

"ಬಂತಮ್ಮ. ಓಡಿ ಬಂತು, ಅದುಕ್ಕೇ. ಸುಮ್ನೆ ಕೂತ್ಕೋ."

ಸಂಗಪ್ಪ ನಾವು ಹೋಗುವುದನ್ನು ನೋಡಿದ. ಲೋಟ ತೊಳೆಯುವುದನ್ನು ಮುಂದುವರಿಸಿದ. ಹೊತ್ತು ಇಳಿಯುತ್ತಿತ್ತು. ಇಷ್ಟು ಹೊತ್ತಿಗೆ ಇವರನ್ನು ಒಳಗೆ ಕರೆದುಕೊಂಡು ಹೋಗಿರಬೇಕಿತ್ತು. ಕುರ್ಚಿಯಲ್ಲಿ ಒಬ್ಬರೇ, ಬಲಗೆನ್ನೆಯ ಮೇಲೆ ಸೊಳ್ಳೆ ಕೂತರೆ ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ನಾನು ಹಿಂದಕ್ಕೆ ನೋಡಲಿಲ್ಲ. ನೋಡಿದರೆ ಕೆಂಚಿಯೂ ನೋಡುತ್ತೆ.